ರೆಪ್ಪೆಯ ರೋಗಕ್ಕೆ ಗುಳಿಗೆ: ರೂಢಿ ಗಟ್ಟಿ, ಸಾಕ್ಷ್ಯ ತೆಳು

ಕಣ್ಣು ಒಣಗಿದರೆ ಕಣ್ಣೀರು ಕಡಿಮೆಯಾಯಿತೆಂದು ಹೆಚ್ಚಿನವರು ಎಣಿಸುತ್ತಾರೆ. ಆದರೆ ಬಹಳಷ್ಟು ರೋಗಿಗಳಲ್ಲಿ ಮೂಲ ತೊಂದರೆ ಇರುವುದು ಜಿಡ್ಡಿನಲ್ಲಿ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಒಸರಿಸುವ ತೆಳುವಾದ ಎಣ್ಣೆ ಕಣ್ಣೀರು ಬೇಗ ಆರಿಹೋಗದಂತೆ ಕಾಯುತ್ತದೆ. ಅದು ಚಳಿಗಾಲದ ತುಪ್ಪದಂತೆ ಗಟ್ಟಿಯಾಗಿ ಗ್ರಂಥಿಯ ಬಾಯಿ ಕಟ್ಟಿದರೆ ಉರಿ, ಚುಚ್ಚು, ಮಸುಕು ಶುರುವಾಗುತ್ತವೆ. ಇದಕ್ಕೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಗುಳಿಗೆ ಬರೆಯುವುದು ನೇತ್ರವೈದ್ಯರಲ್ಲಿ ಬೇರೂರಿದ ರೂಢಿ. ಈ ಗುಳಿಗೆಗಳಿಗೆ ಚಿಕಿತ್ಸೆಯಲ್ಲಿ ಸ್ಥಾನವಿದೆ, ಆದರೆ ಅದು ಮೊದಲ ಸ್ಥಾನವಲ್ಲ ಎಂಬುದು ನನ್ನ ವಾದ.

ಗುಳಿಗೆಯ ಪರವಾದ ತರ್ಕ ಪೊಳ್ಳೇನಲ್ಲ. ರೆಪ್ಪೆಯಂಚಿನ ಬ್ಯಾಕ್ಟೀರಿಯಾಗಳ ಲೈಪೇಸ್ ಕಿಣ್ವ ಈ ಎಣ್ಣೆಯನ್ನು ಒಡೆದು ಕಣ್ಣನ್ನು ಕೆರಳಿಸುವ ಕೊಬ್ಬಿನಾಮ್ಲಗಳನ್ನು ಹುಟ್ಟಿಸುತ್ತದೆ. ಡಾಕ್ಸಿಸೈಕ್ಲಿನ್ ಆ ಕಿಣ್ವವನ್ನು ತಗ್ಗಿಸುವುದರ ಜೊತೆಗೆ ಉರಿಯೂತವನ್ನೂ ಶಮನಗೊಳಿಸುತ್ತದೆ. 2005ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೊಂದರಲ್ಲಿ ದಿನಕ್ಕೆರಡು ಬಾರಿ 20 ಮಿಲಿಗ್ರಾಂ ತೆಗೆದುಕೊಂಡವರಿಗೂ 200 ಮಿಲಿಗ್ರಾಂ ತೆಗೆದುಕೊಂಡವರಿಗೂ ಸಿಕ್ಕ ಗುಣ ಹೆಚ್ಚುಕಡಿಮೆ ಒಂದೇ. ಅಡ್ಡಪರಿಣಾಮ ಮಾತ್ರ ಕಡಿಮೆ ಪ್ರಮಾಣದವರಲ್ಲಿ ಕಡಿಮೆ. ಆದರೆ ತರ್ಕ ಒಪ್ಪುವಂತಿದ್ದರೆ ಸಾಲದು, ಪುರಾವೆಯೂ ಬೇಕು. ಅಮೆರಿಕದ ನೇತ್ರವೈದ್ಯರ ಅಕಾಡೆಮಿ 2016ರಲ್ಲಿ ಅಧ್ಯಯನಗಳನ್ನು ಜಾಲಾಡಿ, ಈ ರೂಢಿಯನ್ನು ಎತ್ತಿಹಿಡಿಯುವ ಅತ್ಯುನ್ನತ ದರ್ಜೆಯ ಸಾಕ್ಷ್ಯವಿಲ್ಲವೆಂದಿತು. ಈ ತೊಂದರೆಗೆ ನಂಟಿರುವ ದೀರ್ಘಕಾಲದ ರೆಪ್ಪೆ ಉರಿಯೂತದ ಬಗ್ಗೆ 2021ರ ಕಾಕ್ರೇನ್ ಪರಾಮರ್ಶೆಗೆ ಅರ್ಹವೆನಿಸಿದ್ದು ಎರಡೇ ಪ್ರಯೋಗ, ಒಟ್ಟು 220 ರೋಗಿಗಳು. ಅಷ್ಟರಿಂದ ಖಚಿತ ತೀರ್ಮಾನ ಸಾಧ್ಯವಿಲ್ಲವೆಂದು ಅದೂ ಹೇಳಿತು.

ಗುಳಿಗೆಯಿಂದ ರೋಗಿಗಳಿಗೆ ಹಿತವಾಗುವುದನ್ನು ನಿತ್ಯ ಕಾಣುತ್ತೇವಲ್ಲ ಎಂದು ವೈದ್ಯರು ಕೇಳಬಹುದು. ಹಿತವಾಗುವುದು ನಿಜ. ಆದರೆ ಈ ರೋಗ ತಾನಾಗಿಯೇ ಏರಿಳಿಯುತ್ತದೆ. ಗುಳಿಗೆಯ ಜೊತೆಗೆ ಬಿಸಿ ಶಾಖ, ರೆಪ್ಪೆಯ ಶುಚಿಯನ್ನೂ ಹೇಳಿರುತ್ತಾರೆ. ಯಾವುದರಿಂದ ಎಷ್ಟು ಗುಣವಾಯಿತೆಂದು ಬಿಡಿಸಿ ಹೇಳಲು ಹೋಲಿಕೆಯ ಗುಂಪಿಲ್ಲದೆ ಆಗದು. ದಿನವೂ ಶಾಖ ಕೊಡುವ ತಾಳ್ಮೆ ಎಷ್ಟು ಜನಕ್ಕಿದೆ ಎಂಬ ಇನ್ನೊಂದು ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಗುಳಿಗೆಯ ಬೆಲೆ ಬರಿಯ ಹಣದ್ದಲ್ಲ. ಡಾಕ್ಸಿಸೈಕ್ಲಿನ್ ಹೊಟ್ಟೆ ಕೆಡಿಸಬಹುದು, ಬಿಸಿಲಿಗೆ ಚರ್ಮ ಸುಡುವಂತೆ ಮಾಡಬಹುದು. ಗರ್ಭಿಣಿಯರಿಗೆ ಅದು ಸಲ್ಲದು. ಅಜಿತ್ರೋಮೈಸಿನ್ ಕೆಲವರ ಹೃದಯದ ಲಯ ತಪ್ಪಿಸಬಲ್ಲದು. ಮಿಗಿಲಾಗಿ, ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್, ಟೈಫಾಯಿಡ್‌ಗೆ ಅಜಿತ್ರೋಮೈಸಿನ್ ನಮಗೆ ಬೇಕೇ ಬೇಕಾದ ಮದ್ದುಗಳು. ಆಂಟಿಬಯಾಟಿಕ್‌ಗಳನ್ನು ಸಡಿಲವಾಗಿ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಅವಕ್ಕೆ ಜಗ್ಗದಂತಾಗುತ್ತವೆ.

ಆದ್ದರಿಂದ ಶಾಖ ಮತ್ತು ಶುಚಿಯನ್ನು ಸರಿಯಾಗಿ ಮಾಡಿಯೂ ಗುಣ ಕಾಣದವರಿಗೆ, ಮುಖ ಕೆಂಪೇರಿಸುವ ರೊಸೇಶಿಯಾ ಎಂಬ ಚರ್ಮರೋಗವೂ ಜೊತೆಗಿರುವವರಿಗೆ ಮಾತ್ರ, ಕಡಿಮೆ ಪ್ರಮಾಣದಲ್ಲಿ, ಅವಧಿ ಗೊತ್ತುಮಾಡಿ ಈ ಗುಳಿಗೆ ಕೊಡುವುದು ಒಳಿತು. ಚೀಟಿ ಕೈಗೆ ಬಂದಾಗ ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು ಎಂದು ರೋಗಿಗಳು ಕೇಳಬೇಕು. ಅದಕ್ಕೆ ಸ್ಪಷ್ಟ ಉತ್ತರ ಕೊಡುವುದು ವೈದ್ಯರ ಹೊಣೆ.