ನ್ಯಾಯಸ್ಥಾನದ ಮುಂದೆ ಕಾವ್ಯ: ಡ್ರೈಡನ್ನನ ‘ಅಬ್ಷಾಲೋಮ ಮತ್ತು ಅಹೀತೋಫೆಲ’

ಆಂಗ್ಲಕವಿ ಡ್ರೈಡನ್ನನ ಈ ವಿಡಂಬನಕಾವ್ಯವು 1681ನೆಯ ನವೆಂಬರು ತಿಂಗಳಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು. ಇದಕ್ಕೆ ನಿರ್ವಹಣಸಂಧಿಯೇ ಇಲ್ಲವೆಂಬ ಆಕ್ಷೇಪವು ಹಳೆಯದು. ಪಂಡಿತ ಜಾನ್ಸನ್ನನೂ ಇದರ ಮುಕ್ತಾಯವನ್ನು ಮೆಚ್ಚಲಿಲ್ಲ. ಈ ಕೊರತೆಯ ಕಾರಣವನ್ನು ಕವಿಯ ಪ್ರತಿಭೆಯಲ್ಲಿ ಅರಸುವುದಕ್ಕಿಂತ ಅಂದಿನ ನ್ಯಾಯಸ್ಥಾನದಲ್ಲಿ ಅರಸುವುದು ಯುಕ್ತವಾದುದು.

ಎರಡನೆಯ ಚಾರಲ್ಸ್ ದೊರೆಗೆ ಪಟ್ಟದರಾಣಿಯಲ್ಲಿ ಸಂತಾನವಿರಲಿಲ್ಲ. ಸಿಂಹಾಸನವು ಕ್ಯಾಥೊಲಿಕ್ ಮತಸ್ಥನಾದ ತಮ್ಮ ಜೇಮ್ಸನಿಗೆ ಸಲ್ಲಬೇಕಾಗಿತ್ತು. 1678ರಲ್ಲಿ ಟೈಟಸ್ ಓಟ್ಸನೆಂಬವನು, ಕ್ಯಾಥೊಲಿಕರು ದೊರೆಯ ಕೊಲೆಗೆ ಸಂಚು ಹೂಡಿರುವರೆಂಬ ಸುಳ್ಳನ್ನು ಹಬ್ಬಿಸಿದನು. ಅದನ್ನು ನಂಬಿದ ನ್ಯಾಯಸ್ಥಾನಗಳು ಅನೇಕ ನಿರಪರಾಧಿಗಳಿಗೆ ಮರಣದಂಡನೆ ವಿಧಿಸಿದುವು. ಈ ಭೀತಿಯ ನಡುವೆ, ಜೇಮ್ಸನ ಹಕ್ಕನ್ನು ತಪ್ಪಿಸುವ ಮಸೂದೆಗಳನ್ನು ಷಾಫ್ಟ್ಸ್‌ಬರಿ ಪ್ರಭುವಿನ ಪಕ್ಷವು 1679ರಿಂದ 1681ರವರೆಗೆ ಪಾರ್ಲಿಮೆಂಟಿನಲ್ಲಿ ಮತ್ತೆ ಮತ್ತೆ ತಂದಿತು. ದೊರೆಯ ವಿವಾಹಬಾಹ್ಯ ಪುತ್ರನಾದ ಮನ್ಮತ್‌ನ ಮೇಲೆ ಆ ಪಕ್ಷದ ಹಲವರ ಕಣ್ಣಿತ್ತು. 1681ರ ಜುಲೈಯಲ್ಲಿ ಷಾಫ್ಟ್ಸ್‌ಬರಿಯು ರಾಜದ್ರೋಹದ ಆಪಾದನೆಗೆ ಗುರಿಯಾಗಿ ಸೆರೆ ಸೇರಿದನು. ಅವನು ವಿಚಾರಣೆಗೆ ಅರ್ಹನೇ ಎಂಬುದನ್ನು ನವೆಂಬರು 24ರಂದು ಲಂಡನ್ನಿನ ಜೂರಿಯು ನಿರ್ಣಯಿಸುವುದಕ್ಕೆ ಕೆಲವೇ ದಿನಗಳ ಮುಂಚೆ ಕಾವ್ಯವು ಹೊರಬಿದ್ದಿತು.

ಕವಿಯು ದೊರೆಯನ್ನು ಬೈಬಲಿನ ದಾವೀದನನ್ನಾಗಿಯೂ, ಮನ್ಮತ್‌ನನ್ನು ತಂದೆಯ ಮೇಲೆ ದಂಗೆಯೆದ್ದ ಅಬ್ಷಾಲೋಮನನ್ನಾಗಿಯೂ, ಷಾಫ್ಟ್ಸ್‌ಬರಿಯನ್ನು ದುರ್ಮಂತ್ರಿ ಅಹೀತೋಫೆಲನನ್ನಾಗಿಯೂ ಕಲ್ಪಿಸಿದನು. ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ವರ್ಣಿಸಿದ ಪಂಪನನ್ನು ಬಲ್ಲವರಿಗೆ ಈ ವಿಧಾನವು ಅಪರಿಚಿತವಲ್ಲ. ಆದರೆ ಬೈಬಲಿನಲ್ಲಿ ಮಗನು ಹತನಾಗುತ್ತಾನೆ, ಮಂತ್ರಿಯು ನೇಣು ಹಾಕಿಕೊಳ್ಳುತ್ತಾನೆ. ಲಂಡನ್ನಿನ ಕಥೆಯಾದರೋ ಇನ್ನೂ ಮುಗಿದಿರಲಿಲ್ಲ. ಮೊದಲನೆಯದನ್ನು ಹೇಳಿದರೆ ಪುತ್ರವತ್ಸಲನಾದ ದೊರೆಗೆ ನೋವು. ಎರಡನೆಯದನ್ನು ಹೇಳಿದರೆ ಜೂರಿಗಿಂತ ಮೊದಲೇ ಕವಿಯು ತೀರ್ಪಿತ್ತಂತೆ. ಆದಕಾರಣ ಕ್ಷಮೆಯ ಕಾಲ ತೀರಿತು, ಇನ್ನು ಶಾಸನವೇ ಗತಿ ಎಂಬ ದೊರೆಯ ಭಾಷಣದೊಡನೆ ಕಾವ್ಯವು ನಿಲ್ಲುತ್ತದೆ.

ಎರಡನೆಯ ಮುದ್ರಣದಲ್ಲಿ ಸೇರಿದ 12 ಪಂಕ್ತಿಗಳು ವಿಶೇಷವಾಗಿ ಪರಿಶೀಲನಾರ್ಹವಾಗಿವೆ. ನ್ಯಾಯಾಧಿಪತಿಯಾಗಿ ಅಹೀತೋಫೆಲನು ಕಳಂಕರಹಿತನೆಂದು ಅಲ್ಲಿ ಕವಿಯು ಹೊಗಳುತ್ತಾನೆ. ಷಾಫ್ಟ್ಸ್‌ಬರಿಯು 1672–73ರಲ್ಲಿ ಲಾರ್ಡ್ ಛಾನ್ಸಲರ್ ಆಗಿದ್ದನು. ಪ್ರತಿನಾಯಕನ ಗುಣಗಳನ್ನು ವರ್ಣಿಸಿದರೆ ನಾಯಕನ ಉತ್ಕರ್ಷವು ಹೆಚ್ಚುವುದೆಂಬ ದಂಡಿಯ ಮತಕ್ಕೆ ಇದು ಉತ್ತಮ ನಿದರ್ಶನ. ನಿಷ್ಪಕ್ಷಪಾತಿಯಂತೆ ತೋರುವ ನಿಂದಕನ ಮಾತಿಗೆ ಬಲ ಹೆಚ್ಚು.

ಆದರೂ ಆ ನಿಷ್ಪಕ್ಷಪಾತಕ್ಕೆ ಮಿತಿಯುಂಟು. ಓಟ್ಸನ ಕೂಟಸಾಕ್ಷ್ಯವನ್ನು ಕವಿಯು ಹರಿತವಾಗಿ ಹಳಿದನು. ಷಾಫ್ಟ್ಸ್‌ಬರಿಯ ವಿರುದ್ಧ ದೊರೆಯ ಕಡೆಯವರು ತಂದ ಸಾಕ್ಷಿಗಳೂ ನಂಬಿಕೆಗೆ ಅರ್ಹರಾಗಿರಲಿಲ್ಲವೆಂಬುದು ಕಾವ್ಯದಲ್ಲಿ ಎಲ್ಲಿಯೂ ಕಾಣದು. ಷಾಫ್ಟ್ಸ್‌ಬರಿಯ ಪಕ್ಷದವರೇ ಆದ ಷೆರೀಫರು ಆರಿಸಿದ ಜೂರಿಯು ಆಪಾದನೆಯನ್ನು ತಳ್ಳಿಹಾಕಿತು. ಎರಡು ಪಕ್ಷಗಳಿಗೂ ನ್ಯಾಯಸ್ಥಾನವು ಆಯುಧವಾಗಿದ್ದ ಕಾಲದಲ್ಲಿ, ಶಾಸನದ ಹೆಸರಿನಲ್ಲಿ ಆಡಿದ ಕಾವ್ಯವು ವಾಸ್ತವವಾಗಿ ಒಂದು ಪಕ್ಷದ ವಾದವೇ ಆಗಿದ್ದಿತು. ಇದನ್ನು ವಾದವೆಂದು ಓದಿದಲ್ಲಿ ಅದರ ಅಪೂರ್ಣತೆಯೂ ಸಾರ್ಥಕವಾಗುತ್ತದೆ. ತೀರ್ಪೆಂದು ಓದಿದಲ್ಲಿ ಚರಿತ್ರೆಗೆ ಅಪಚಾರವಾಗುತ್ತದೆ.