ಹತ್ತದೇ ಉಳಿದ ಘಟ್ಟ

ಅಜ್ಜೀಪುರದಿಂದ ರಾಮಾಪುರದ ಕಡೆ ಹೊರಟರೆ ಬೆಟ್ಟದ ಸಾಲು ಬಸ್ಸಿನ ಕಿಟಕಿ ಬಿಡದೆ ಜೊತೆಗೇ ಬರುತ್ತದೆ. ಸಾಲಿನಾಚೆ, ಕೆಳಗೆ, ತಮಿಳು ಸೀಮೆ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸಿನ ಗವರ್ನರೂ ಸೇನಾಪತಿಯೂ ಆಗಿದ್ದ ಜನರಲ್ ಮೆಡೋಸ್ ಆ ಸೀಮೆಯಿಂದಲೇ ಮೈಸೂರಿಗೆ ನುಗ್ಗಲು ಹವಣಿಸಿದ. ಮೊದಲು ಕೊಯಮತ್ತೂರು, ಆಮೇಲೆ ಸತ್ಯಮಂಗಲದಾಚೆಯ ಗಜ್ಜಲಹಟ್ಟಿ ಕಣಿವೆ, ಅಲ್ಲಿಂದ ನೇರ ಶ್ರೀರಂಗಪಟ್ಟಣ. ಅವನ ದಂಡು ಆ ಕಣಿವೆ ಹತ್ತಲೇ ಇಲ್ಲ. ಮೂರನೇ ಮೈಸೂರು ಯುದ್ಧದ ಕತೆ ಹೇಳುವವರು ಇಷ್ಟನ್ನು ಎರಡು ಸಾಲಿನಲ್ಲಿ ಮುಗಿಸಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಗೆಲುವಿನತ್ತ ಓಡುತ್ತಾರೆ. ನನಗೆ ಆ ಅವಸರ ಒಪ್ಪಿಗೆಯಿಲ್ಲ.

ಮೆಡೋಸನ ಲೆಕ್ಕ ಹೊಟ್ಟೆಯಿಂದ ಶುರುವಾಗಿತ್ತು. ಕೊಯಮತ್ತೂರಿನ ಬಯಲಲ್ಲಿ ದವಸವಿತ್ತು, ಎತ್ತುಗಳಿದ್ದವು. ಪಾಲಕ್ಕಾಡಿನ ಸಂದಿಯಲ್ಲಿ ಮಲಬಾರಿಗೆ ದಾರಿಯಿತ್ತು. ಎಡವಿದ್ದು ಬೇರೆ ಕಡೆ. ಜುಲೈ 21ಕ್ಕೆ ಕೊಯಮತ್ತೂರು ಕೈಗೆ ಬಂತು. ಆಮೇಲೆ ದಂಡನ್ನು ಹರಿದು ಹಂಚಿದ: ಒಂದು ತುಕಡಿ ದಿಂಡಿಗಲ್ಲಿಗೆ, ಇನ್ನೊಂದು ಪಾಲಕ್ಕಾಡಿಗೆ, ಕರ್ನಲ್ ಫ್ಲಾಯ್ಡನದು ಸತ್ಯಮಂಗಲಕ್ಕೆ. ತಾನು ಹತ್ತಬೇಕೆಂದಿರುವ ಕಣಿವೆಯಲ್ಲಿ ಇನ್ನೊಬ್ಬ ಇಳಿಯಲೂಬಹುದು ಅನ್ನುವುದು ಘಟ್ಟದ ಬುಡದಲ್ಲಿ ದನ ಕಾಯುವವನಿಗೂ ಗೊತ್ತು. ಸೆಪ್ಟೆಂಬರಿನಲ್ಲಿ ಟಿಪ್ಪು ಇಳಿದೇಬಿಟ್ಟ, ಅದೇ ಗಜ್ಜಲಹಟ್ಟಿಯಲ್ಲಿ. 13ರಂದು ಸತ್ಯಮಂಗಲದ ಬಳಿ ಕಾಳಗ. ಫ್ಲಾಯ್ಡ್ ಫಿರಂಗಿಗಳನ್ನು ಬಿಟ್ಟು ಹಿಮ್ಮೆಟ್ಟಿದ. ಈರೋಡು, ಧಾರಾಪುರ ಮತ್ತೆ ಟಿಪ್ಪುವಿನ ಪಾಲಾದವು.

ತಪ್ಪಿದ್ದು ದಾರಿಯಲ್ಲ, ಹೊತ್ತು ಎಂದು ನನ್ನ ಎಣಿಕೆ. ಕಾರ್ನ್‌ವಾಲಿಸ್ ದಾರಿ ಬದಲಿಸಿ ಮೊಗಲಿ ಕಣಿವೆ ಹತ್ತಿದ, 1791ರ ಮಾರ್ಚ್ 21ಕ್ಕೆ ಬೆಂಗಳೂರು ಹಿಡಿದ, ಸರಿ. ಆದರೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ನಿಂತಾಗ ಅವನ ಎತ್ತುಗಳು ಸಾಯುತ್ತಿದ್ದವು, ದವಸ ತೀರಿತ್ತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ಹಿಂದಿರುಗಿದ. ಮೆಡೋಸ್ ಹೆದರಿದ್ದು ಇದಕ್ಕೇ ಅಲ್ಲವೇ? 1799ರ ಕೊನೆಯ ಮುತ್ತಿಗೆಯಲ್ಲೂ ಕಂಪನಿಯ ದಂಡು ತೆಂಕಣದ ದವಸಕ್ಕೆ ನಮ್ಮ ಈ ಬೆಟ್ಟಸಾಲಿನ ಕಾವೇರಿಪುರದ ಘಟ್ಟವನ್ನೇ ನಂಬಬೇಕಾಯಿತು. ಆ ದವಸ ತರುತ್ತಿದ್ದ ಕಂಪನಿಯ ಅಧಿಕಾರಿಗಳಾದ ರೀಡ್, ಬ್ರೌನರನ್ನು ಎದುರುಗೊಂಡು ಕರೆತರಲು ಹೊರಟವನು ಯಾರೆಂದರೆ, ಸತ್ಯಮಂಗಲದಲ್ಲಿ ಪೆಟ್ಟು ತಿಂದಿದ್ದ ಅದೇ ಫ್ಲಾಯ್ಡ್! ಮರುವರ್ಷ ಕಂಪನಿಗಾಗಿ ಸೀಮೆಯ ಸಮೀಕ್ಷೆಗೆ ಹೊರಟಿದ್ದ ಬುಕನನ್ ಹನೂರು, ಕೌದಳ್ಳಿ ಹಾದು ಇದೇ ಘಟ್ಟ ಇಳಿದ. ಅವನ ಕೈಯಲ್ಲಿ ಕತ್ತಿಯಿರಲಿಲ್ಲ, ಟಿಪ್ಪಣಿ ಪುಸ್ತಕವಿತ್ತು.

ಕಂಪನಿಯಂತೂ ಪಾಠ ಕಲಿತಿತ್ತು. ಟಿಪ್ಪುವಿನ ನಂತರ ಮೈಸೂರನ್ನು ಒಡೆಯರಿಗೆ ಕೊಟ್ಟರೂ ಘಟ್ಟದ ನೆತ್ತಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೊಳ್ಳೇಗಾಲ ತಾಲ್ಲೂಕು, ಅದರೊಳಗೆ ಅಜ್ಜೀಪುರವೂ ಸೇರಿ, 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು. ಕಲೆಕ್ಟರ್ ಕಚೇರಿಯಲ್ಲಿ ಕೆಲಸವಿದ್ದರೆ ಇಲ್ಲಿಯವರು ಘಟ್ಟ ಇಳಿಯಬೇಕಿತ್ತು.