ಗುಬ್ಬಿಯಲ್ಲಿ ಗೆಲ್ಲೋರ್ಯಾರು?

ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಕ್ಷೇತ್ರ ಪರಿಚಯ ಶುರುವಾಗುತ್ತದೆ. ತುಮಕೂರು ನಗರ, ಗುಬ್ಬಿ, ಕುಣಿಗಲ್, ಯಾವುದೇ ಇರಲಿ, ಕೊನೆಯಲ್ಲೊಂದು ಜಾತಿವಾರು ಪಟ್ಟಿ ಇರುತ್ತದೆ: ಇವರು ಇಷ್ಟು ಸಾವಿರ, ಅವರು ಅಷ್ಟು ಸಾವಿರ. ಈ ಲೆಕ್ಕ ಎಲ್ಲಿಂದ ಬಂತು? ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟರೆ ಉಳಿದ ಜಾತಿಗಳ ಸಂಖ್ಯೆಯನ್ನು ಕೊನೆಯ ಬಾರಿ ಪ್ರಕಟಿಸಿದ್ದು 1931ರ ಜನಗಣತಿ. ಮತದಾರರ ಪಟ್ಟಿಯಲ್ಲಂತೂ ಜಾತಿಯ ಕಾಲಂ ಇಲ್ಲವೇ ಇಲ್ಲ. ಪಕ್ಷದವರು ತಮ್ಮ ಅನುಕೂಲಕ್ಕೆ ಹಾಕಿಕೊಂಡ ಅಂದಾಜು ವರದಿಗಾರನ ಕೈಗೆ ಬಂದು ಅಚ್ಚಾಗುತ್ತದೆ. ಮುಂದೆ ಅದೇ ಸಂಖ್ಯೆ ಯಾವುದೋ ವಿದ್ಯಾರ್ಥಿಯ ಪ್ರಬಂಧದಲ್ಲಿ ಪತ್ರಿಕೆಯ ಹೆಸರು ಹೊತ್ತು ಅಂಕಿಅಂಶವಾಗಿ ಕೂರುತ್ತದೆ.

ಪಕ್ಷದವರಿಗೆ ಅಂದಾಜು ಸಾಕು. ಟಿಕೆಟ್ ಯಾರಿಗೆ ಕೊಡಬೇಕು, ಯಾವ ಹೋಬಳಿಗೆ ಯಾರನ್ನು ಕಳಿಸಬೇಕು ಎಂಬುದು ಅವರ ಚಿಂತೆ. ಸಂಶೋಧಕನಿಗೆ ಅದು ಸಾಲದು. ಒಂದು ಉದ್ದೇಶಕ್ಕೆ ಹುಟ್ಟಿದ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಗೇ ಎತ್ತಿಕೊಳ್ಳುವುದು ನಮ್ಮ ರಾಜಕೀಯ ಅಧ್ಯಯನದ ಹಳೆಯ ರೋಗ. ನಮ್ಮ ತರಗತಿಗಳು ಈ ರೋಗವನ್ನು ಗುರುತಿಸುವುದನ್ನೂ ಕಲಿಸುತ್ತಿಲ್ಲ ಎಂಬುದು ನನ್ನ ದೂರು.

ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ನಡೆದ ಗಟ್ಟಿ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ‘ಈದಿನ’ ಸುದ್ದಿತಾಣದ ಬಳಗ ಮಾಡಿದ ಸಮೀಕ್ಷೆಯನ್ನು ತೋರಿಸುತ್ತೇನೆ. ರಾಜ್ಯದಾದ್ಯಂತ 41,169 ಜನರನ್ನು ಮುಖಾಮುಖಿ ಮಾತಾಡಿಸಿ ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಎಂದು ಅವರು ಹೇಳಿದರು. ಬಂದದ್ದು 135. ಎಲ್ಲರೂ ಆ ಸಂಖ್ಯೆಯನ್ನೇ ಕೊಂಡಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಮನೆಬಾಗಿಲಿಗೆ ಹೋಗಿ ಕೇಳುವ ಶ್ರಮ.

ಆ ಶ್ರಮ ಎಂಥದ್ದೆಂದು ಹಳ್ಳಿಯಲ್ಲಿ ಪ್ರಶ್ನಾವಳಿ ಹಿಡಿದು ಓಡಾಡಿದವರಿಗೆ ಗೊತ್ತು. ಕುಣಿಗಲ್ ತಾಲ್ಲೂಕಿನ ಒಂದು ಮನೆ ಎಂದುಕೊಳ್ಳಿ. ಮತದಾರರ ಪಟ್ಟಿಯಿಂದ ಆರಿಸಿಕೊಂಡ ಹೆಸರು ಆ ಮನೆಯ ಮಗನದು. ‘ಅವ್ನು ಬೆಂಗ್ಳೂರಲ್ಲವ್ನೆ, ಹಬ್ಬಕ್ಕೆ ಬತ್ತಾನೆ’ ಎನ್ನುತ್ತಾರೆ ತಾಯಿ. ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬರು ಪುರುಸೊತ್ತಾಗಿ ಕೂತಿದ್ದಾರೆ, ಮಾತಾಡಲು ಸಿದ್ಧರಿದ್ದಾರೆ. ಬಿಸಿಲು ಏರುತ್ತಿದೆ. ಅವರನ್ನೇ ಕೇಳಿ ಫಾರಂ ತುಂಬಿಸಿಬಿಡೋಣ ಎನ್ನಿಸುತ್ತದೆ. ಹಾಗೆ ತುಂಬಿಸಿದರೆ ದಿನವಿಡೀ ಊರಲ್ಲಿರುವವರ ಮಾತಷ್ಟೇ ಸಮೀಕ್ಷೆಗೆ ಸಿಗುತ್ತದೆ, ದುಡಿಯಲು ಹೊರಗೆ ಹೋದವರೆಲ್ಲ ಲೆಕ್ಕದಿಂದ ಜಾರಿಬಿಡುತ್ತಾರೆ. ಮುಂದಿನ ಮನೆಯಲ್ಲಿ ಸೊಸೆಯ ಹೆಸರಿದೆ. ಪ್ರಶ್ನೆ ಮುಗಿಯುವ ಮುಂಚೆಯೇ ನಡುಮನೆಯಿಂದ ಮಾವನ ದನಿ: ‘ಅವಳ್ಗೇನ್ ಗೊತ್ತು, ನಾನ್ ಹೇಳ್ತೀನಿ ಬರ್ಕೊಳಿ.’ ಇಲ್ಲಿ ಮಾವನಿಗೆ ಬೇಸರವಾಗದಂತೆ ಸೊಸೆಯ ಮಾತನ್ನೇ ಪಡೆಯಬೇಕು. ಇದನ್ನು ಯಾವ ಪಠ್ಯಪುಸ್ತಕವೂ ಕಲಿಸಿಕೊಡುವುದಿಲ್ಲ. ಅನುಭವಿಗಳ ಹಿಂದೆ ಹತ್ತು ಮನೆ ತಿರುಗಿಯೇ ಕಲಿಯಬೇಕು.

ಆದರೆ ಆ ಸಮೀಕ್ಷೆಗೂ ಒಂದು ಎಲ್ಲೆ ಇದೆ. 41,169 ಜನರನ್ನು 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸರಾಸರಿ 184 ಜನ. ರಾಜ್ಯದ ಗಾಳಿ ಯಾವ ಕಡೆ ಎಂದು ತಿಳಿಯಲು ಅಷ್ಟು ಬೇಕಾದಷ್ಟಾಯಿತು. ಗುಬ್ಬಿಯಲ್ಲಿ ಗೆಲ್ಲೋರ್ಯಾರು ಎಂದು ಕೇಳಿದರೆ ಮಾತ್ರ ಏನೇನೂ ಸಾಲದು. 184 ಜನರ ಮಾದರಿಯಲ್ಲಿ ಶೇಕಡಾ 7ರಷ್ಟು ಆಚೀಚೆ ಆಗುವುದು ಸಹಜ. ಗುಬ್ಬಿಯ ಎಸ್.ಆರ್. ಶ್ರೀನಿವಾಸ್ 2018ರಲ್ಲಿ ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. ಜನ ಪಕ್ಷಕ್ಕೆ ಮತ ಹಾಕಿದರೋ ಮನುಷ್ಯನಿಗೋ ಎಂಬ ಪ್ರಶ್ನೆಗೆ ರಾಜ್ಯದ ಸಮೀಕ್ಷೆಯಲ್ಲಿ ಉತ್ತರ ಹುಡುಕಬಾರದು.

‘ಏಕೆ’ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. 2019ರ ಲೋಕಸಭಾ ಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ತುಮಕೂರಿನಲ್ಲಿ ಬಿಜೆಪಿಯ ಜಿ.ಎಸ್. ಬಸವರಾಜು ಎದುರು 13,339 ಮತಗಳಿಂದ ಸೋತರು. ಹೇಮಾವತಿ ನಾಲೆಯ ನೀರು ಸರಿಯಾಗಿ ಸಿಗಲಿಲ್ಲವೆಂಬ ಸಿಟ್ಟು ಅವರನ್ನು ಸೋಲಿಸಿತು ಎಂಬ ಮಾತು ಜಿಲ್ಲೆಯಲ್ಲಿ ಓಡಾಡಿತು. ಇರಬಹುದು. ಆದರೆ ದೇವೇಗೌಡರ ಜೆಡಿಎಸ್ ಜೊತೆಗಿನ ಮೈತ್ರಿಗಾಗಿ ಕಾಂಗ್ರೆಸ್ಸು ತನ್ನ ಹಾಲಿ ಸಂಸದ ಎಸ್.ಪಿ. ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿಸಿತ್ತು, ಮೋದಿ ಅಲೆಯೂ ಇತ್ತು. ನೀರೇ ಕಾರಣ ಎನ್ನುವವರು ಬೂತ್‌ವಾರು ಮತಗಳಿರುವ ನಮೂನೆ 20ನ್ನು ಮುಂದಿಟ್ಟುಕೊಂಡು, ನಾಲೆಯ ನೀರು ಬರುವ ಊರುಗಳನ್ನೂ ಬಾರದ ಊರುಗಳನ್ನೂ ಹೋಲಿಸಿ ನೋಡಬೇಕು. ಅಷ್ಟು ಮಾಡಿದ ಮೇಲೂ ಬೂತಿನ ಲೆಕ್ಕದಿಂದ ಒಬ್ಬೊಬ್ಬ ಮತದಾರನ ಮನಸ್ಸು ತಿಳಿಯುವುದಿಲ್ಲ, ಹೋಗಿ ಮಾತಾಡಿಸಲೇಬೇಕು. ಮುಖ್ಯವಾಗಿ, ಆ ಸೋಲಿನ ಕಾರಣ ಹುಡುಕುತ್ತ ಕುಣಿಗಲ್‌ಗೆ ಹೋದರೆ ಇಡೀ ಶ್ರಮ ವ್ಯರ್ಥ. ಕುಣಿಗಲ್ ತುಮಕೂರು ಜಿಲ್ಲೆಯ ತಾಲ್ಲೂಕಾದರೂ ಲೋಕಸಭೆಗೆ ಅದು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ.

ಅದೇ ಕುಣಿಗಲ್ ಇನ್ನೊಂದು ಅಧ್ಯಯನಕ್ಕೆ ಅನಿವಾರ್ಯ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ರೈತರು ಸೇರಿದರು. ಅವರಿಗೆ ಅದು ತಮ್ಮ ಪಾಲಿನ ನೀರನ್ನು ಮಾಗಡಿಯ ಕಡೆಗೆ ಒಯ್ಯುವ ಕೊಳವೆ. ಕುಣಿಗಲ್‌ನ ರೈತ ನಾಲೆಯ ಕೊನೆಯಲ್ಲಿ ಕಾಯುತ್ತ ಕೂತವನು, ಅವನ ಕಣ್ಣಿಗೆ ಅದು ಹಳೆಯ ಬಾಕಿ. ಗುಬ್ಬಿಯಲ್ಲಷ್ಟೇ ಮಾತಾಡಿಸಿ ಬಂದವನು ಚಳವಳಿಯ ಕರಪತ್ರ ಬರೆಯಬಲ್ಲ, ಅದು ತಪ್ಪೂ ಅಲ್ಲ. ಅದನ್ನೇ ಸಂಶೋಧನೆ ಎಂದು ಕರೆದರೆ ಮಾತ್ರ ಕುಣಿಗಲ್‌ನವರಿಗೆ ಅನ್ಯಾಯವಾಗುತ್ತದೆ.

ಉದ್ದೇಶಕ್ಕೆ ತಕ್ಕಂತೆ ಕೇಳಿ ತಿಳಿಯುವುದಕ್ಕೆ ನಮ್ಮಲ್ಲೇ ದೊಡ್ಡ ಮೇಲ್ಪಂಕ್ತಿಗಳಿದ್ದವು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿದರು. ‘ವೋಟ್ ಬ್ಯಾಂಕ್’ ಎಂಬ ಮಾತು 1955ರ ಅವರ ಬರಹದಿಂದ ಬಂತು. ತನ್ನನ್ನು ನಂಬಿದವರ ಮತಗಳನ್ನು ಕೊಡಿಸಬಲ್ಲ ಊರ ಯಜಮಾನನನ್ನು ಕಂಡು ಅವರು ಬಳಸಿದ ಮಾತದು. ಇಂದು ಇಡೀ ಜಾತಿಯನ್ನೋ ಧರ್ಮವನ್ನೋ ಹಣೆಪಟ್ಟಿ ಹಚ್ಚಿ ಬೈಯಲು ಅದನ್ನು ಬಳಸುತ್ತಾರೆ. ತಿಳಿಯಲೆಂದು ಹುಟ್ಟಿದ ಮಾತು ವೇದಿಕೆ ಹತ್ತಿದ ಮೇಲೆ ಇಷ್ಟು ಕೆಟ್ಟಿತು. 1972ರಲ್ಲಿ ನೇಮಕವಾದ ಹಾವನೂರು ಆಯೋಗದ ಉದ್ದೇಶ ಬೇರೆ: ಹಿಂದುಳಿದವರು ಯಾರೆಂದು ತೀರ್ಮಾನಿಸಿ ಸರ್ಕಾರಕ್ಕೆ ಹೇಳುವುದು. ಹಾಗಾಗಿ ಅದು ಶಾಲೆ, ಕೆಲಸ, ಮನೆಗಳ ಲೆಕ್ಕ ಕೇಳಿತು. ಒಬ್ಬರ ಪ್ರಶ್ನೆಗಳು ಇನ್ನೊಬ್ಬರಿಗೆ ಒದಗುತ್ತಿರಲಿಲ್ಲ.

ತುಮಕೂರಿನ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಹೇಳುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಪ್ರಬಂಧಕ್ಕೆ ಮಕ್ಕಳನ್ನು ಇಬ್ಬಿಬ್ಬರಾಗಿ ಕಳಿಸಿ. ಒಬ್ಬರು ಗುಬ್ಬಿಯ ನಾಲೆ ಪಕ್ಕದ ಊರಿಗೆ ಹೋಗಲಿ, ಇನ್ನೊಬ್ಬರು ಕುಣಿಗಲ್‌ನ ಕೊನೆಯ ಕೆರೆಯ ಊರಿಗೆ. ಪಟ್ಟಿಯಲ್ಲಿರುವ ಮಗ ಹಬ್ಬಕ್ಕೆ ಬರುವುದಾದರೆ ಹಬ್ಬದ ದಿನ ಮತ್ತೊಮ್ಮೆ ಆ ಮನೆಗೆ ಹೋಗಲಿ. ಪ್ರಬಂಧ ಒಂದು ತಿಂಗಳು ತಡವಾದರೂ ದಯವಿಟ್ಟು ಅಂಕ ಕಳೆಯಬೇಡಿ.